ಆಯಿಲ್ ಫಿಲ್ಟರ್ ಬಿಚ್ಚುತ್ತಿದ್ದ ಅಕ್ಕ

ಹೋದ ತಿಂಗಳು ಸೂರತ್ತಿನಲ್ಲಿ, ನಮ್ಮ ಬ್ಯಾಂಕಿನ ಶಾಖೆಯಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ವಡೋದರಾದಿಂದ ಫೋನು ಬಂತು. ಅಕ್ಕನ ಮಗಳು. ಸ್ವಲ್ಪ ಹೊತ್ತು ಕನ್ನಡದ ಮಾತಿಗಾಗಿ ತಡವರಿಸಿ, "ಮಮ್ಮಿ ಹೋಯ್ತು," ಎಂದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಅಹಮದಾಬಾದಿನಲ್ಲಿ. ಅವಳ ಕನ್ನಡದಲ್ಲಿ ಬಸ್ಸೂ ಹೋಗುತ್ತದೆ, ಅಮ್ಮನೂ ಹೋಗುತ್ತದೆ. ನಾನು ಡಬ್ಬಿಯ ಮುಚ್ಚಳ ಮತ್ತೆ ಹಾಕಿದೆ.

ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಹಮದಾಬಾದಿನಲ್ಲಿ ನಾವಿಬ್ಬರೂ ಇದ್ದ ಕಟ್ಟಡದಲ್ಲೂ ಅದು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಬಾಗಿಲ ಮೇಲೆ ಗಂಡನ ಹೆಸರಿತ್ತು. ವಾಚ್‌ಮನ್ ಕಾಕಾ ಅವರನ್ನು 'ನೀಚೇವಾಲೀ ಆಂಟಿ', ಕೆಳಗಿನ ಮನೆಯ ಆಂಟಿ, ಅನ್ನುತ್ತಿದ್ದ. ನಾನು ಮೊದಲ ದಿನದಿಂದಲೇ ಅಕ್ಕ ಅಂದೆ, ಅವರು ತಂಗಿ ಅಂದರು. ಹೆಸರಿನ ಅಗತ್ಯ ನಮಗೆ ಬೀಳಲೇ ಇಲ್ಲ.

ಆ ಮೊದಲ ದಿನ ನಾನು ಜಗಳದಲ್ಲಿದ್ದೆ. ಬಡ್ತಿಯ ಜೊತೆ ದಾವಣಗೆರೆಯಿಂದ ಅಹಮದಾಬಾದಿಗೆ ವರ್ಗ ಮಾಡಿದ್ದರು. ಗಂಡ ಊರಲ್ಲಿ, ನಾನು ಅಲ್ಲಿಯ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ, ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಎರಡನೇ ಮಹಡಿಯಲ್ಲಿ. ನನ್ನ ಮೋಟಾರ್ ಸೈಕಲ್ಲನ್ನು ರೈಲಿನಲ್ಲಿ ತರಿಸಿಕೊಂಡಿದ್ದೆ, ಊರಿನದು ಅಂತ ಜೊತೆಗಿದ್ದದ್ದು ಅದೊಂದೇ. ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ನಿಂತು ಗಂಡನ ಮೇಲೆ ಫೋನಿನಲ್ಲಿ ಕೂಗಾಡುತ್ತಿದ್ದೆ.

"ಮೂರು ವರ್ಷ ರೀ, ಮೂರು ವರ್ಷ! ಇದೇನು ಜೈಲಾ?"

ಕಂಬದ ಹಿಂದಿನಿಂದ ಒಂದು ದನಿ ಬಂತು. "ಮೂರು ವರ್ಷಕ್ಕ ಬಿಡೋ ಜೈಲು ಭಾಳ ಚಲೋ ಜೈಲು, ತಂಗಿ."

ಬಗ್ಗಿ ನೋಡಿದೆ. ಎರಡು ಸಿಲಿಂಡರಿನ ಒಂದು ಭಾರೀ ಬೈಕಿನ ಮುಂದೆ, ಅರವತ್ತರ ಹತ್ತಿರದ ಹೆಂಗಸೊಬ್ಬರು ಸೆರಗು ಸೊಂಟಕ್ಕೆ ಬಿಗಿದು ಕುಕ್ಕರಗಾಲಲ್ಲಿ ಕೂತಿದ್ದರು. ಮೂಗಿನ ತುದಿಯಲ್ಲಿ ಓದುವ ಕನ್ನಡಕ. ಬೈಕಿನ ಕೆಳಗೆ ಹಳೆಯ ಬಾಣಲೆ, ಅದರಲ್ಲಿ ಕಪ್ಪಗಾದ ಇಂಜಿನ್ ಆಯಿಲ್. ಅವರು ಕತ್ತರಿಯಿಂದ ಸ್ಯಾಂಡ್‌ಪೇಪರನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಿದ್ದರು, ಹೋಳಿಗೆಗೆ ಬಾಳೆಲೆ ಕತ್ತರಿಸುವಷ್ಟು ನಿಧಾನವಾಗಿ.

ನಾನು ಫೋನ್ ಇಟ್ಟು ಹತ್ತಿರ ಹೋದೆ. ಇಂಜಿನ್ನಿನ ಮುಂಭಾಗದಲ್ಲಿ ಮುಷ್ಟಿ ಗಾತ್ರದ ಡಬ್ಬಿಯ ಹಾಗೆ ಕೂತಿತ್ತು ಆಯಿಲ್ ಫಿಲ್ಟರ್. ಅದರ ಸುತ್ತ ಸ್ಯಾಂಡ್‌ಪೇಪರ್ ಸುತ್ತಿ, ಅದರ ಮೇಲೆ ಬೆಲ್ಟು ಬಿಗಿದು ತಿರುಗಿಸುವ ಪಾನಾ ಹಾಕಿ, ಉಸಿರು ಬಿಗಿಹಿಡಿದು ಎಳೆದರು. ಅದು ಕದಲಲಿಲ್ಲ.

"ಗ್ಯಾರೇಜಿಗೆ ಕೊಡಬಹುದಲ್ಲ?" ಎಂದೆ.

"ಗ್ಯಾರೇಜಿನಾಂವ ಮಾಡಿದ್ದ ಇದು. ಹೋದ ವರ್ಷ ಪಾನಾ ಹಚ್ಚಿ ಬಿಗಿದು ಹೋಗ್ಯಾನ. ಫಿಲ್ಟರಿಗೆ ಕೈ ಬಿಗಿ ಸಾಕು. ರಬ್ಬರ್ ರಿಂಗು ಇಂಜಿನ್ನಿಗೆ ತಾಗಿದ ಮ್ಯಾಲೆ ಮುಕ್ಕಾಲು ಸುತ್ತು, ಅಷ್ಟ. ಹೆಚ್ಚಿಗಿ ಬಿಗಿಯೋದು ಅಂಜಿಕೀಲೆ ಮಾಡೋ ಕೆಲಸ."

ಅಷ್ಟರಲ್ಲಿ ನೆಲಮಹಡಿಯ ಕಿಟಕಿಯಿಂದ ಸದ್ದು ಬಂತು. ಕಬ್ಬಿಣದ ಸರಳಿಗೆ ಸ್ಟೀಲ್ ಲೋಟ ಬಡಿಯುವ ಸದ್ದು. ಅಕ್ಕ ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು ಒಳಗೆ ಹೋದರು. ಕಿಟಕಿಯ ಹಿಂದೆ ಗಾಲಿಕುರ್ಚಿಯಲ್ಲಿ ಕೂತ ಗಂಡಸೊಬ್ಬರು ನನ್ನನ್ನೇ ನೋಡುತ್ತಿದ್ದರು. ಎಡಗೈಯಲ್ಲಿ ಲೋಟವಿತ್ತು. ಬಲಗೈ ತೊಡೆಯ ಮೇಲೆ ಮಡಿಸಿಟ್ಟ ಬಟ್ಟೆಯ ಹಾಗೆ ಬಿದ್ದಿತ್ತು.

ಅವರು ಅಕ್ಕನ ಗಂಡ. ತೈಲ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದವರು. ಮದುವೆಯಾಗಿ ಹುಬ್ಬಳ್ಳಿಯಿಂದ ಬಂದ ಅಕ್ಕ ಬಹಳ ವರ್ಷ ಅಹಮದಾಬಾದಿನದೇ ಚಾಂದ್‌ಖೇಡಾದ ಕಂಪನಿ ಕ್ವಾರ್ಟರ್ಸಿನಲ್ಲೇ ಸಂಸಾರ ಮಾಡಿದ್ದರು. ನಿವೃತ್ತಿಯಾದ ಮೇಲೆ ಸ್ಯಾಟಲೈಟ್‌ನಲ್ಲಿ ಈ ಫ್ಲ್ಯಾಟು, ಮತ್ತೆ ಈ ಬೈಕು. ಕಛ್‌ನ ಬಿಳಿ ಮರುಭೂಮಿಯವರೆಗೆ ಒಬ್ಬರೇ ಓಡಿಸಿಕೊಂಡು ಹೋಗಬೇಕೆಂಬುದು ಗಂಡನ ಆಸೆ. ನಾಲ್ಕು ತಿಂಗಳು ಊರೊಳಗೆ ಓಡಿಸಿದರು. ಐದನೆಯ ತಿಂಗಳು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಲಕ್ವ ಹೊಡೆಯಿತು. ಬಲಭಾಗ ಹೋಯಿತು. ಮಾತಿನಲ್ಲಿ ಒಂದೇ ಒಂದು ಉಳಿಯಿತು. 'ಅಲ್ಲ.'

ಚಹಾ ಬೇಕೇ ಎಂದರೆ ಅಲ್ಲ. ಬೇಡವೇ ಎಂದರೂ ಅಲ್ಲ. ನೋವಾದರೆ ಅಲ್ಲ, ಮಗಳು ವಿಡಿಯೋ ಕಾಲಿನಲ್ಲಿ ಬಂದರೆ ಕಣ್ಣಲ್ಲಿ ನೀರು ತುಂಬಿಕೊಂಡು ಅಲ್ಲ, ಅಲ್ಲ. ಯಾವ 'ಅಲ್ಲ'ಕ್ಕೆ ಯಾವ ಅರ್ಥ ಅಂತ ಅಕ್ಕ ಒಬ್ಬರಿಗೇ ತಿಳಿಯುತ್ತಿತ್ತು. ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ನಕ್ಕುಬಿಟ್ಟರು.

"ಮೂವತ್ತಾರು ವರ್ಷ ಸಂಸಾರ ಮಾಡೇನಿ. ಮೊದಲೂ ಅವರು ಅದನ್ನ ಹೆಚ್ಚು ಅಂತಿದ್ರು. ಉಳದ ಮಾತು ಹೋದ್ವು, ಅದೊಂದು ಗಟ್ಟಿಮುಟ್ಟ ಐತಿ."

ಅಕ್ಕ ಕಣ್ಣಿಗೆ ಕಾಣದೆ ನಲವತ್ತು ನಿಮಿಷವಾದರೆ ಅವರು ಲೋಟ ಬಾರಿಸಲು ಶುರು ಮಾಡುತ್ತಿದ್ದರು. ಬಾಯಿಗಿಟ್ಟ ಅನ್ನ ಉಗುಳುತ್ತಿದ್ದರು. ನೋಡಿಕೊಳ್ಳಲು ಬಂದ ಇಬ್ಬರು ಆಯಾಗಳಲ್ಲಿ ಒಬ್ಬಳ ಹಣೆಗೆ ಲೋಟ ಎಸೆದಿದ್ದರು, ಇನ್ನೊಬ್ಬಳ ಮುಂಗೈ ಕಚ್ಚಿದ್ದರು. ವಡೋದರಾಕ್ಕೆ ಬಂದುಬಿಡಿ ಎಂದು ಮಗಳು ಎಷ್ಟೋ ಸಲ ಕರೆದಳು. ಒಮ್ಮೆ ಗಾಡಿ ತಂದು ನಿಲ್ಲಿಸಿಯೂ ಬಿಟ್ಟಳು. ಅವರು ಕಿಟಕಿಯ ಸರಳನ್ನು ಎಡಗೈಯಲ್ಲಿ ಹಿಡಿದುಕೊಂಡವರು ಬಿಡಲೇ ಇಲ್ಲ.

ಹಾಗಾಗಿ ಅಕ್ಕನ ಊರು ಹೋಗಿಬರಲು ನಲವತ್ತು ನಿಮಿಷದ ಊರಾಗಿತ್ತು. ಔಷಧಿ ಅಂಗಡಿಗೆ ಆರು ನಿಮಿಷ, ತರಕಾರಿಗೆ ಹನ್ನೊಂದು. ಕೆರೆಗೆ ಹದಿನೆಂಟು. "ಕೆರಿ ನೋಡಬಹುದು, ಕುಂಡ್ರಾಕ ಆಗೂದಿಲ್ಲ," ಅನ್ನುತ್ತಿದ್ದರು. ಗಡಿಯಾರವನ್ನು ಮುಂಗೈಯ ಒಳಮಗ್ಗುಲಿಗೆ ಕಟ್ಟಿಕೊಳ್ಳುತ್ತಿದ್ದರು, ಚೀಲ ಹಿಡಿದ ಕೈ ತಿರುಗಿಸದೆ ನೋಡಿಕೊಳ್ಳಲು. ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಗೆ, ಗಾಳಿಪಟ ಹಾರಿಸಲು ಅಹಮದಾಬಾದಿಗೆ ಅಹಮದಾಬಾದೇ ತಾರಸಿಯ ಮೇಲಿರುತ್ತದೆ. ಅಕ್ಕ ಮಾತ್ರ ಪಾರ್ಕಿಂಗಿನಲ್ಲಿ ನಿಂತು, ಎರಡು ಕಟ್ಟಡಗಳ ನಡುವೆ ಕಾಣುವ ಗೇಣಗಲದ ಆಕಾಶದಲ್ಲಿ ಯಾವ ಗಾಳಿಪಟ ದಾಟುತ್ತದೆ ಎಂದು ನೋಡುತ್ತಿದ್ದರು. ಮೇಲೆ ಬನ್ನಿ ಎಂದು ನಾನು ಕೈಹಿಡಿದು ಎಳೆದೆ.

"ಅಲ್ಲಿ ಲೋಟದ ಸಪ್ಪಳ ಕೇಳೂದಿಲ್ಲ ತಂಗಿ. ನೋಡಿ ಬಂದೇನಿ ಒಮ್ಮೆ."

ಬೈಕನ್ನು ಮಾರಿಬಿಡಬಹುದಿತ್ತು. ಕೊಳ್ಳುವವನೊಬ್ಬ ಬಂದು ಅದರ ಮೇಲೆ ಕೂತು ನೋಡಿದ ದಿನದಿಂದ ಎರಡು ದಿನ ಗಂಡ ನೀರು ಕುಡಿಯಲಿಲ್ಲವಂತೆ. ಅಂದಿನಿಂದ ಬೈಕೂ ಅಕ್ಕನ ಪಾಲಿಗೆ ಇನ್ನೊಬ್ಬ ರೋಗಿಯಾಯಿತು. ಪ್ರತಿ ಭಾನುವಾರ ಹತ್ತು ನಿಮಿಷ ಚಾಲೂ ಮಾಡಬೇಕು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಮೊದಲು ಆಯಿಲೂ ಫಿಲ್ಟರೂ ಬದಲಾಗಬೇಕು. ಎಲ್ಲವೂ ಆ ಕಿಟಕಿಯಿಂದ ಕಾಣುವ ಹಾಗೆ ನಡೆಯಬೇಕು. ಯಾರೂ ಓಡಿಸದ ಬೈಕಿಗೆ ಇದೆಲ್ಲ ಏಕೆಂದು ನಾನು ಕೇಳಿದ್ದೆ. ಕೆಲಸ ಮಾಡುವಾಗ ಅಕ್ಕನ ಮುಖ ನೋಡಿದರೆ ತಿಳಿಯುತ್ತಿತ್ತು. ದಿನವೆಲ್ಲ ಮಾಡಿದ್ದು ಮರುದಿನಕ್ಕೆ ಹಾಗೇ ಉಳಿಯುವ ಆ ಮನೆಯಲ್ಲಿ, ಕೈಯಾರೆ ಮಾಡಿ ಮುಗಿಸಬಹುದಾದ ಕೆಲಸ ಅದೊಂದೇ ಇತ್ತು.

ಎರಡನೆಯ ವರ್ಷ ಫಿಲ್ಟರ್ ತರುವ ಕೆಲಸ ನನ್ನ ಪಾಲಿಗೆ ಬಂತು. ಅಹಮದಾಬಾದಿನಲ್ಲಿ ಕೇಳಿದ ಕಡೆಯೆಲ್ಲ ಸ್ಟಾಕ್ ಇಲ್ಲ ಅಂದರು. ಆಡಿಟ್ ಕೆಲಸಕ್ಕೆ ಸೂರತ್ತಿಗೆ ಹೋದವಳು ಅಲ್ಲಿಯ ಸ್ಪೇರ್ಸ್ ಅಂಗಡಿಯೊಂದರಲ್ಲಿ ಹಳೆಯದರ ಫೋಟೋ ತೋರಿಸಿದೆ. ಅಂಗಡಿಯವನು ಕಪಾಟಿನಿಂದ ಒಂದು ತೆಗೆದು ಮೇಜಿನ ಮೇಲಿಟ್ಟ. ಬಣ್ಣ ಅದೇ, ಗಾತ್ರ ಅದೇ.

"ಇದೇನಾ?" ಎಂದು ಹಿಂದಿಯಲ್ಲಿ ಕೇಳಿದೆ.

"ಚಾಲ್ಶೇ, ಬೆನ್, ಚಾಲ್ಶೇ," ಎಂದ. ನಡೆಯುತ್ತದೆ ಅಮ್ಮಾ, ತಗೊಳ್ಳಿ.

ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಮೊದಲು ಮೂಸಿದರು. ಆಮೇಲೆ ಹಳೆಯದನ್ನೂ ಹೊಸದನ್ನೂ ಅಂಗಾತ ಪಕ್ಕಪಕ್ಕ ಇಟ್ಟು, ಎರಡರ ರಬ್ಬರ್ ರಿಂಗಿನ ಮೇಲೆ ಅಡ್ಡಡ್ಡ ದಾರ ಎಳೆದು ಅಳತೆ ನೋಡಿದರು. ಒಂದು ಬತ್ತದ ಕಾಳಿನಷ್ಟು ವ್ಯತ್ಯಾಸವಿತ್ತು. ಇಂಜಿನ್ನಿಗೆ ಹಚ್ಚಿ ಬೆರಳ ತುದಿಯಿಂದ ತಿರುಗಿಸಿದರು. ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಹಿಡಿದುಕೊಂಡಿತು.

"ನೋಡಿಲ್ಲಿ. ಡಬ್ಬಿ ನೋಡಿ ಫಿಲ್ಟರ್ ತರಬಾರದು. ಥ್ರೆಡ್ ನೋಡಬೇಕು, ರಿಂಗಿನ ಅಗಲ ನೋಡಬೇಕು, ಎತ್ತರ ನೋಡಬೇಕು. ಒಳಗೊಂದು ವಾಲ್ವ್ ಇರ್ತೈತಿ, ಅದು ಕಣ್ಣಿಗೆ ಕಾಣೂದಿಲ್ಲ, ಅದಕ್ಕ ನಂಬರ್ ನೋಡಬೇಕು. ಇದನ್ನ ಜುಲಮೀಲೆ ಕುಂಡ್ರಿಸಿದ್ರ ಕುಂಡ್ರತೈತಿ. ಇವತ್ತು ಚಾಲ್ಶೇ. ನಾಳೆ ಥ್ರೆಡ್ ಹಾಳಾಗಿ ಇಂಜಿನ್ನ ಹೋಗ್ತೈತಿ."

ಕಿಟಕಿಯಿಂದ "ಅಲ್ಲ!" ಎಂದು ಕೇಳಿಸಿತು.

"ಹೌದ್ರೀ, ಅದಲ್ಲ. ನನಗೂ ಗೊತ್ತಾತು," ಎಂದು ಅಕ್ಕ ತಿರುಗದೆ ಹೇಳಿದರು.

ಮುಂದಿನ ವಾರ ವಡೋದರಾದ ಡೀಲರ್ ಹತ್ತಿರ ನಂಬರ್ ಸರಿನೋಡಿ ತಂದೆ. ಆ ಸಲ ಹಾಕುವ ಕೆಲಸ ನನಗೇ ಬಿಟ್ಟರು. ಹೊಸ ಫಿಲ್ಟರಿನ ರಿಂಗಿಗೆ ಬೆರಳಲ್ಲಿ ಆಯಿಲ್ ಸವರಿದೆ, ಕೈಯಿಂದ ತಿರುಗಿಸಿದೆ, ಮುಕ್ಕಾಲು ಸುತ್ತು ಕೊಟ್ಟೆ. ಅಷ್ಟರಲ್ಲಿ ಲೋಟದ ಸದ್ದಾಯಿತು, ಅಕ್ಕ ಒಳಗೆ ಹೋದರು. ನನಗೆ ಧೈರ್ಯ ಸಾಲಲಿಲ್ಲ. ಬೆಲ್ಟಿನ ಪಾನಾ ತೆಗೆದುಕೊಂಡು ಯಾರಿಗೂ ಕಾಣದ ಹಾಗೆ ಇನ್ನೂ ಅರ್ಧ ಸುತ್ತು ಬಿಗಿದೆ. ಕಿಟಕಿಯಲ್ಲಿದ್ದ ಅಕ್ಕನ ಗಂಡ ಒಬ್ಬರೇ ನೋಡಿದರು. "ಅಲ್ಲ," ಎಂದರು. ನಾನು ಕೇಳಿಸಿಕೊಳ್ಳದವಳಂತೆ ಕೈ ಒರೆಸಿಕೊಂಡೆ.

ಮೂರನೆಯ ವರ್ಷ ಮಗಳಿಗೆ ಎರಡನೆಯ ಹೆರಿಗೆಯಾಯಿತು. ಮೊದಲನೆಯದಕ್ಕೆ ಅಕ್ಕ ಹೋಗಿರಲಿಲ್ಲ. ಅಹಮದಾಬಾದಿನಿಂದ ವಡೋದರಾಕ್ಕೆ ರೈಲಿನಲ್ಲಿ ಎರಡು ತಾಸು. ಮಗಳ ಮೊದಲ ಬಾಣಂತನವನ್ನು ಅವಳ ಗುಜರಾತಿ ಅತ್ತೆ ಮಾಡಿದ್ದರು, ಚೆನ್ನಾಗಿಯೇ ಮಾಡಿದ್ದರು. ಅಕ್ಕ ಫೋನಿನ ಪರದೆಯಲ್ಲಿ ಮೊಮ್ಮಗನನ್ನು ನೋಡಿ, ಫೋನನ್ನೇ ನಿವಾಳಿಸಿ ಇಟ್ಟಿದ್ದರಂತೆ. ಈ ಸಲ ಹೆಣ್ಣು ಮಗು. ಹೋಗಬೇಕೆಂದು ಅಕ್ಕ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಸಂಜೆ ಪಾರ್ಕಿಂಗಿನಲ್ಲಿ ಬೈಕಿನ ಹೊದಿಕೆ ತೆಗೆಯುವುದು, ಮತ್ತೆ ಹೊದಿಸುವುದು ಮಾಡುತ್ತಿದ್ದರು. ಆಯುಧ ಪೂಜೆಗೆ ಹತ್ತು ದಿನವಿತ್ತು, ತಂದಿಟ್ಟ ಹೊಸ ಫಿಲ್ಟರ್ ಇನ್ನೂ ಡಬ್ಬಿಯಲ್ಲೇ ಇತ್ತು.

"ಶನಿವಾರ ನನಗೆ ರಜ ಅಕ್ಕಾ. ನೀವು ಹೋಗಿ ಬನ್ನಿ. ನಾನಿರ್ತೀನಿ," ಎಂದೆ.

"ನಿನಗ ಆಗೂದಿಲ್ಲ ತಂಗಿ."

"ಒಂದು ದಿನ ಅಕ್ಕಾ."

"ಒಂದು ದಿನ," ಎಂದು ಅವರು ಬೈಕಿನ ಹೊದಿಕೆಯನ್ನು ಮತ್ತೆ ಎಳೆದು ಹೊದಿಸಿದರು.

ಶನಿವಾರ ಬೆಳಿಗ್ಗೆ ಏಳಕ್ಕೆ ಅಕ್ಕನನ್ನು ಮಣಿನಗರ ಸ್ಟೇಷನ್ನಿಗೆ ರಿಕ್ಷಾ ಹತ್ತಿಸಿದೆ. ಗಂಡನನ್ನು ಎಬ್ಬಿಸಿ, ಮೈ ಒರೆಸಿ, ಮೂತ್ರದ ಚೀಲ ಬದಲಿಸಿ, ಕಿಟಕಿಯ ಬಳಿ ಕೂರಿಸಿಯೇ ಹೊರಟಿದ್ದರು. ಅವರನ್ನು ಮಗ್ಗುಲು ತಿರುಗಿಸಲು ಮಧ್ಯಾಹ್ನ ವಾಚ್‌ಮನ್ ಕಾಕಾ ಬರುವುದೆಂದು ಮಾತಾಗಿತ್ತು. ಮೊಸರನ್ನ ಕಲಸಿಟ್ಟಿದ್ದರು. ಗೇಟಿನಲ್ಲಿ ಕೊನೆಗೆ ಹೇಳಿದ್ದು, "ಸಿಟ್ಟಿಗೇಳಬ್ಯಾಡ. ಅವರು ಅಂಜತಾರ, ಅಷ್ಟ."

ಎಂಟಕ್ಕೆ ಹತ್ತು ನಿಮಿಷವಿರುವಾಗ ಲೋಟ ಶುರುವಾಯಿತು.

ಮೊದಲು ಮಾತಾಡಿಸಿದೆ. ಮಗುವಿನ ಫೋಟೋ ತೋರಿಸಿದೆ. "ಅಕ್ಕ ಸಂಜೆ ಬರ್ತಾರೆ ಸಾರ್," ಎಂದು ಹತ್ತು ಸಲ ಹೇಳಿದೆ. ಅಲ್ಲ, ಅಲ್ಲ, ಅಲ್ಲ. ತಟ್ಟೆ ಹಿಡಿದು ಹೋದರೆ ಎಡಗೈಯಿಂದ ತಳ್ಳಿದರು. ಮೊಸರನ್ನ ನನ್ನ ಕುತ್ತಿಗೆಯಿಂದ ಕೆಳಗಿಳಿಯಿತು. ಲೋಟ ಕಿತ್ತುಕೊಂಡೆ, ಅವರು ಉಂಗುರದ ಬೆರಳನ್ನು ಸರಳಿಗೆ ಬಡಿಯತೊಡಗಿದರು. ಗಾಯವಾದೀತೆಂದು ಲೋಟ ತಿರುಗಿ ಕೊಟ್ಟೆ. ಮೂರನೆಯ ಮಹಡಿಯಿಂದ ಒಬ್ಬಾಕೆ "ಬಸ್ ಕರೋ ನೇ, ಬೆನ್!" ಎಂದು, ಸಾಕು ಮಾಡಿಸಿ ಎಂದು, ಕೂಗಿದಳು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ನೀರಿನ ಸದ್ದಿನೊಳಗೂ ಲೋಟ ಕೇಳುತ್ತಿತ್ತು. ಇನ್ನು ಹತ್ತು ತಾಸು ಈ ಎರಡು ಕೋಣೆಯಲ್ಲಿ ಇರಬೇಕು ಎಂದುಕೊಂಡೆ. ಬಾಗಿಲು ಎಳೆದುಕೊಂಡು ಹೊರಟುಬಿಡೋಣ ಎಂದು ಚಪ್ಪಲಿಯನ್ನೂ ಮೆಟ್ಟಿದೆ. ಹೊಸ್ತಿಲಿನಲ್ಲಿ ನಿಂತಾಗ ಅನ್ನಿಸಿತು, ಅಕ್ಕ ಎಷ್ಟು ಸಲ ಇಲ್ಲಿ ಹೀಗೆ ನಿಂತಿರಬಹುದು.

ತಿರುಗಿ ಬಂದು ಅವರನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಕಿಟಕಿಯಾಚೆ, ಹೊದಿಕೆ ಹೊದ್ದು ನಿಂತ ಬೈಕನ್ನು ನೋಡುತ್ತಿದ್ದರು.

ಹೊರಗೆ ಹೋಗಿ ಹೊದಿಕೆ ತೆಗೆದೆ. ಲೋಟ ನಿಂತಿತು.

ಅಕ್ಕ ಮಾಡುತ್ತಿದ್ದಂತೆಯೇ ಮಾಡಿದೆ. ನಾಲ್ಕು ನಿಮಿಷ ಇಂಜಿನ್ ಚಾಲೂ ಇಟ್ಟು ಆಯಿಲ್ ಬಿಸಿ ಮಾಡಿದೆ. ಬಾಣಲೆ ಇಟ್ಟು ಕೆಳಗಿನ ಬೋಲ್ಟ್ ಬಿಚ್ಚಿದೆ. ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬೀಳದಂತೆ, ನೀರಿನ ಬಾಟಲಿಯನ್ನು ಉದ್ದಕ್ಕೆ ಸೀಳಿ ಫಿಲ್ಟರಿನ ಕೆಳಗೆ ದೋಣಿಯ ಹಾಗೆ ಕೊಟ್ಟೆ. ಆಮೇಲೆ ಫಿಲ್ಟರಿಗೆ ಕೈ ಹಾಕಿದೆ. ಕದಲಲಿಲ್ಲ. ಹೋದ ವರ್ಷ ಕದ್ದು ಕೊಟ್ಟ ಅರ್ಧ ಸುತ್ತು ಅಲ್ಲೇ ಕೂತಿತ್ತು.

ಬೆಲ್ಟಿನ ಪಾನಾ ಹಾಕಿದೆ, ಜಾರಿತು. ಎರಡು ಸಲ ಗೆಣ್ಣು ಇಂಜಿನ್ನಿಗೆ ಬಡಿದು ಚರ್ಮ ಕಿತ್ತು ಬಂತು. ದೊಡ್ಡ ಸ್ಕ್ರೂಡ್ರೈವರನ್ನು ಸುತ್ತಿಗೆಯಿಂದ ಫಿಲ್ಟರಿನೊಳಗೇ ಹೊಡೆದು ತಿರುಗಿಸುವುದನ್ನು ಎಲ್ಲೋ ನೋಡಿದ್ದೆ. ಸುತ್ತಿಗೆ ಎತ್ತಿದೆ.

"ಅಲ್ಲ!"

ತಲೆ ಎತ್ತಿದೆ. ಅವರು ಲೋಟವನ್ನು ತೊಡೆಯ ಮೇಲಿಟ್ಟು ಎಡಗೈಯ ತೋರುಬೆರಳಿಗೆ ಹೆಬ್ಬೆರಳನ್ನು ಉಜ್ಜುತ್ತಿದ್ದರು. ಉಜ್ಜುತ್ತಲೇ ಇದ್ದರು. ಒಂದು ನಿಮಿಷವಾದ ಮೇಲೆ ನನಗೆ ಹೊಳೆಯಿತು. ಸ್ಯಾಂಡ್‌ಪೇಪರ್. ಅಕ್ಕನ ಡಬ್ಬಿಯಿಂದ ಒಂದು ಪಟ್ಟಿ ತೆಗೆದು, ಒರಟು ಮಗ್ಗುಲು ಫಿಲ್ಟರಿಗೆ ಬರುವಂತೆ ಸುತ್ತಿ, ಮೇಲೆ ಬೆಲ್ಟು ಬಿಗಿದು ಎಳೆದೆ. ಕಿರ್ ಎಂದು ಒಂದು ಕೂದಲೆಳೆ ತಿರುಗಿತು. ಮತ್ತೆ ಎಳೆದೆ, ಬಿಟ್ಟುಕೊಂಡಿತು. ಬೆಚ್ಚಗಿನ ಆಯಿಲ್ ಮೊಣಕೈವರೆಗೆ ಹರಿಯಿತು. ನಾನು ಒಬ್ಬಳೇ ನಗುತ್ತಿದ್ದೆ.

ಹಳೆಯ ಫಿಲ್ಟರನ್ನು ಪೇಪರಿನ ಮೇಲಿಟ್ಟೆ. ಹೊಸದನ್ನು ಡಬ್ಬಿಯಿಂದ ತೆಗೆದು ರಿಂಗಿಗೆ ಆಯಿಲ್ ಸವರಿ, ಇಂಜಿನ್ನಿನ ಹತ್ತಿರ ಒಯ್ದೆ. ಲೋಟ ಢಣಢಣ ಸದ್ದು ಮಾಡಿತು.

"ಅಲ್ಲ! ಅಲ್ಲ! ಅಲ್ಲ!"

ಫಿಲ್ಟರ್ ತಪ್ಪೇ ಎಂದು ಡಬ್ಬಿಯ ನಂಬರ್ ಓದಿ ಹೇಳಿದೆ. ಅಲ್ಲ. ಕಿಟಕಿಗೆ ಒಯ್ದು ತೋರಿಸಿದೆ. ಅಲ್ಲ. ಥ್ರೆಡ್ಡೇ? ಎತ್ತರವೇ? ಅಲ್ಲ, ಅಲ್ಲ. ಅವರ ಮುಖ ಕೆಂಪಾಗಿತ್ತು. ಹಣೆಯ ನರ ಎದ್ದಿತ್ತು. ಬಾಯಿ ಬೇರೇನೋ ಹೇಳಲು ಹೊರಟು, ಹೊರಟಲ್ಲೇ ತಿರುಗಿ ಆ ಒಂದೇ ಮಾತಿಗೆ ಬಂದು ಬೀಳುತ್ತಿತ್ತು. ಅಷ್ಟು ದಿನ ಅದನ್ನು ಹಟ ಅಂದುಕೊಂಡಿದ್ದೆ. ಆ ಮನುಷ್ಯನಿಗೆ ಎಲ್ಲ ಗೊತ್ತಿತ್ತು, ಹೇಳುವುದಕ್ಕೆ ಮಾತ್ರ ಬಾಗಿಲಿರಲಿಲ್ಲ.

ನಾನು ನೆಲದ ಮೇಲೆ ಕೂತೆ. "ನಿಧಾನ ಸಾರ್. ನನಗೆ ಅವಸರ ಇಲ್ಲ. ತೋರಿಸಿ," ಎಂದೆ.

ಅವರು ಉಸಿರು ತೆಗೆದುಕೊಂಡರು. ಎಡಗೈಯನ್ನು ಸರಳಿನ ಹೊರಗೆ ಚಾಚಿ, ಪೇಪರಿನ ಮೇಲಿದ್ದ ಹಳೆಯ ಫಿಲ್ಟರಿನ ಕಡೆ ಬೆರಳು ಮಾಡಿದರು. ಆಮೇಲೆ ಗಾಳಿಯಲ್ಲಿ ಒಂದು ವೃತ್ತ ಬರೆದರು.

ಹಳೆಯದನ್ನು ತಿರುಗಿಸಿ ನೋಡಿದೆ. ರಿಂಗು ಇರಬೇಕಾದ ತೋಡು ಖಾಲಿಯಿತ್ತು. ಇಂಜಿನ್ನಿನ ಮೇಲೆ ಟಾರ್ಚ್ ಹಾಕಿದೆ. ಹಳೆಯ ರಬ್ಬರ್ ರಿಂಗು ಅಲ್ಲೇ ಅಂಟಿಕೊಂಡಿತ್ತು, ಕಪ್ಪಿನ ಮೇಲೆ ಕಪ್ಪು. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದ್ದರೆ ಭಾನುವಾರ ಅಕ್ಕ ಬೈಕ್ ಚಾಲೂ ಮಾಡಿದಾಗ ಎರಡು ರಿಂಗಿನ ಸಂದಿನಿಂದ ಆಯಿಲ್ ಚಿಮ್ಮಿ ಬಿಸಿ ಪೈಪಿನ ಮೇಲೆ, ಅವರ ಸೀರೆಯ ಮೇಲೆ ಬೀಳುತ್ತಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿ ತೆಗೆದೆ. ಕಿಟಕಿಗೆ ಒಯ್ದು ಹಿಡಿದೆ.

ಅವರು ಅಂಗೈ ಚಾಚಿದರು. ರಿಂಗನ್ನು ಅದರಲ್ಲಿಟ್ಟೆ. ಮುಷ್ಟಿ ಮುಚ್ಚಿದರು.

ಹೊಸ ಫಿಲ್ಟರ್ ಕೈಯಿಂದಲೇ ತಿರುಗಿಸಿ ಮುಕ್ಕಾಲು ಸುತ್ತಿನಲ್ಲಿ ನಿಲ್ಲಿಸಿ ಅವರನ್ನು ನೋಡಿದೆ. ಈ ಸಲ 'ಅಲ್ಲ' ಬರಲಿಲ್ಲ. ಕೆಳಗಿನ ಬೋಲ್ಟ್ ಹಾಕಿ ಹೊಸ ಆಯಿಲ್ ತುಂಬಿದೆ. ಆ ಮಧ್ಯಾಹ್ನ ಎಂಟು ತುತ್ತು ಮೊಸರನ್ನ ತಿಂದರು. ಮುಷ್ಟಿ ಮಾತ್ರ ಬಿಚ್ಚಲಿಲ್ಲ, ಹಾಗೇ ನಿದ್ದೆ ಹೋದರು.

ಅಕ್ಕ ಸಂಜೆ ಆರಕ್ಕೆ ಬಂದರು. ಒಳಗೆ ಹೋಗಿ ಗಂಡನ ಹಣೆ ಮುಟ್ಟಿ, ಮುಷ್ಟಿ ಬಿಡಿಸಿ ರಿಂಗನ್ನು ನೋಡಿದರು, ಮತ್ತೆ ಹಾಗೇ ಮುಚ್ಚಿದರು. ನಾನು ಎಲ್ಲ ಹೇಳಿದೆ, ಹೋದ ವರ್ಷದ ಅರ್ಧ ಸುತ್ತನ್ನೂ ಹೇಳಿದೆ. "ಗೊತ್ತಿತ್ತು," ಎಂದರು. ಮಗು ಹೇಗಿದೆ ಎಂದು ಕೇಳಿದೆ. ಅವರು ನನ್ನನ್ನು ಪಾರ್ಕಿಂಗಿಗೆ ಕರೆತಂದರು.

"ನಿನಗ ಒಂದು ಹೇಳಬೇಕು. ಮನಿಯೊಳಗ ಹೇಳೋದಲ್ಲ," ಎಂದು ಬೈಕಿನ ಸೀಟಿನ ಮೇಲೆ ಕೈಯಿಟ್ಟು ನಿಂತರು. "ಒಂಬತ್ತೂವರಿಗೆ ವಡೋದರಾ ಮುಟ್ಟಿದೆ. ಹೊರಗ ರಿಕ್ಷಾದಾಂವ ಎಲ್ಲಿಗೆ ಅಂತ ಕೇಳಿದ. ನನ್ನ ಬಾಯಾಗ ಮಾತು ಬರಲಿಲ್ಲ. ಹೊಳ್ಳಿ ಪ್ಲಾಟ್‌ಫಾರ್ಮಿಗೆ ಬಂದು ಬಾಕಿನ ಮ್ಯಾಲೆ ಕುಂತೆ. ಐದು ನಿಮಿಷ ಕುಂಡ್ರೋಣ ಅಂತ ಕುಂತಾಕಿ, ಹನ್ನೆರಡು ಹೊಡೆದಾಗ ಎದ್ದೆ. ರೈಲು ಬಂದ್ವು, ಹೋದ್ವು. ಯಾರೂ ನನ್ನ ಕರೀಲಿಲ್ಲ ತಂಗಿ. ಅಷ್ಟು ಹೊತ್ತು ಯಾರೂ ಕರೀಲಿಲ್ಲ."

"ಮಗಳು ಕಾಯ್ತಾ ಇದ್ದಳಲ್ಲ ಅಕ್ಕಾ..." ನನ್ನ ಬಾಯಿಂದ ಬಂದುಹೋಯಿತು.

"ಅದ ನೋಡು. ಹಸೀ ಬಾಣಂತಿ. ನಾಕು ವರ್ಷದಿಂದ ದಾರಿ ಕಾದಾಕಿ. ಗಾಡಿ ತಡ ಆತು ಅಂತ ಸುಳ್ಳು ಹೇಳಿದೆ. ಕೂಸಿನ್ನ ಎರಡು ತಾಸು ಎತ್ತಿಕೊಂಡೆ, ಹೊಂಟು ಬಂದೆ." ಸೆರಗಿನಿಂದ ಸೀಟಿನ ಮೇಲಿಲ್ಲದ ಧೂಳು ಒರೆಸಿದರು. "ಎಂಥ ತಾಯಿ ನಾನು?"

ಅವರ ಕೈ ಹಿಡಿದುಕೊಂಡೆ. ನನ್ನ ಕೈಯಲ್ಲಿ ಇನ್ನೂ ಆಯಿಲ್ ವಾಸನೆಯಿತ್ತು. ಒಳಗೆ ಲೋಟದ ಸದ್ದಾಯಿತು, ಅವರು ಹೋದರು.

ಮೂರು ವರ್ಷ ತುಂಬುವ ಮೊದಲೇ, ಆ ಡಿಸೆಂಬರಿನಲ್ಲಿ ನನ್ನನ್ನು ಸೂರತ್ತಿಗೆ ಹಾಕಿದರು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ. ಇನ್ನೊಂದು ಶನಿವಾರ ಬಂದು ಕೂರುತ್ತೇನೆ ಎಂದು ಪ್ರತಿ ಸಲವೂ ಹೇಳಿದೆ. ಹೋಗಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಕುಸಿದು ಬಿದ್ದದ್ದು ಹೋದ ತಿಂಗಳು, ಒಂದು ಬೆಳಿಗ್ಗೆ. ಹೃದಯಾಘಾತ ಎಂದರು ಡಾಕ್ಟರು. ಗಂಡ ಲೋಟ ಬಾರಿಸಿದರು. ಬಾರಿಸುತ್ತಲೇ ಇದ್ದರು. ಹನ್ನೊಂದು ಗಂಟೆಯವರೆಗೆ ಇಡೀ ಕಟ್ಟಡ ಅದನ್ನು ಕೇಳಿತು. ಆ ಸದ್ದಿಗೆ ಎಲ್ಲರ ಕಿವಿ ಒಗ್ಗಿಹೋಗಿತ್ತು, ಯಾರೂ ಬರಲಿಲ್ಲ. ಕೊನೆಗೆ ಹಾಲಿನ ಪಾತ್ರೆ ಸೀದ ವಾಸನೆಗೆ ವಾಚ್‌ಮನ್ ಕಾಕಾ ಬಾಗಿಲು ಒಡೆಸಿದ.

ಹದಿಮೂರನೆಯ ದಿನ ಕಳೆದ ಮೇಲೆ ವಡೋದರಾಕ್ಕೆ ಹೋದೆ. ಅವರನ್ನು ಈಗ ಮಗಳೇ ಇಟ್ಟುಕೊಂಡಿದ್ದಾಳೆ. ಈ ಸಲ ಅವರು ಯಾವ ಸರಳನ್ನೂ ಹಿಡಿದುಕೊಳ್ಳಲಿಲ್ಲವಂತೆ. ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನನ್ನು ನೋಡಿ ಎಡಗೈ ಒಮ್ಮೆ ಎತ್ತಿದರು. ಮಗಳ ಗಂಡ ಆಫೀಸಿಗೆ, ಅತ್ತೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿದ್ದರು. ಮಗಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಜಡೆ ಬಿಚ್ಚಿ ಎಷ್ಟೋ ದಿನವಾದಂತಿತ್ತು. ಚಹಾ ತಂದಿಟ್ಟು ಎದುರಿಗೆ ಕೂತಳು.

"ದೀದಿ, ಒಂದು ಕೇಳ್ಲಾ? ಆ ದಿನ ಮಮ್ಮಿ ಬಂತಲ್ಲ, ಟ್ರೈನ್ ಸಚ್ಮುಚ್ ಲೇಟ್ ಇತ್ತಾ? ನಾನು ಫೋನ್‌ನಲ್ಲಿ ನೋಡಿದ್ದೆ, ಟೈಮ್‌ಗೆ ಬಂದಿತ್ತು. ಮಮ್ಮಿಗೆ ಕೇಳ್ಲಿಲ್ಲ. ನಂಗೆ ತುಂಬ ಬೇಜಾರಾಗಿತ್ತು."

ಸತ್ತವರ ಗುಟ್ಟನ್ನು ಕಾಯಬೇಕೋ, ಬದುಕಿರುವವಳ ನೋವನ್ನು ಕಾಯಬೇಕೋ ಎಂದು ಒಂದು ಗಳಿಗೆ ತೂಗಿದೆ. ಆಮೇಲೆ ಅವಳ ಮುಖ ನೋಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪ್ಲಾಟ್‌ಫಾರ್ಮು, ಬಾಕು, ಯಾರೂ ಕರೆಯದ ಎರಡೂವರೆ ತಾಸು.

ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ಮಮ್ಮಿ ನನಗೆ ಅಂಟಿನುಂಡಿ ತಂದಿತ್ತು," ಎಂದಳು. "ಡಬ್ಬಿ ಫುಲ್. ಮೇಲೆ ಒಂದು ಉಂಡಿ ಜಾಗ ಖಾಲಿ ಇತ್ತು. ಅಲ್ಲಿ ಕೂತು ತಿಂದಿರ್ಬೇಕು." ಚಹಾದ ಕಪ್ಪು ಎತ್ತಿಕೊಂಡು, "ಒಳ್ಳೇದಾಯ್ತು," ಎಂದಳು.

ಒಳಗಿನಿಂದ ಕೆಮ್ಮು ಕೇಳಿಸಿತು. ಅವಳು ಏಳಲು ಹೋದಳು, ನಾನು ಅವಳ ಭುಜ ಹಿಡಿದು ಕೂರಿಸಿ ಒಳಗೆ ಹೋದೆ. ಅವರಿಗೆ ನೀರು ಕುಡಿಸಿ, ಬಾಯಿ ಒರೆಸಿ, ದಿಂಬು ಸರಿಮಾಡಿ ಬಂದಾಗ ಅವಳು ಬಾಗಿಲ ಬಳಿ ನಿಂತಿದ್ದಳು. ಕೂದಲು ಬಾಚಿ ಗಂಟು ಕಟ್ಟಿದ್ದಳು. ಕೈಯಲ್ಲಿ ಸ್ಕೂಟರಿನ ಚಾವಿ.

"ದೀದಿ, ನೀವು ಸಂಜೆ ತನಕ ಇರ್ತೀರಾ?"

"ಇರ್ತೀನಿ," ಎಂದೆ.

ಎಲ್ಲಿಗೆ ಎಂದು ನಾನು ಕೇಳಲಿಲ್ಲ.